ಎರಡು ಬೆರಳು ಉದ್ದ

ಕುಲುಮೆ, ಎಂದರು ಜಗಲಿಯಲ್ಲಿ ಭಾವ, ಕಿಟಕಿಯ ಒಳಗೆ ದಾಕ್ಷಾಯಣಿಯ ಬೆರಳು ಪಾಚಿ ಬಣ್ಣದ ಸ್ವೆಟರಿನ ತೋಳಿನ ಮೇಲೆ ನಿಂತಿತು — ದೇಶ ಕುಲುಮೆಗೆ ಬಿದ್ದಿದೆ ರಾಮಯ್ಯನವರೇ, ಹದಿನೈದು ವರ್ಷ ಜಡ್ಡು ಹಿಡಿದು ಮಲಗಿದ್ದ ಜನಾನ ಚೀನಾದವನು ಎಬ್ಬಿಸಿದ, ಇನ್ನು ಜಾತಿ, ಭಾಷೆ ಎಲ್ಲ ಕರಗಿ ಒಂದೇ ಎರಕ ಆಗ್ತದೆ ನೋಡ್ತಿರಿ — ಕಾಲೇಜಿನಲ್ಲಿ ಚರಿತ್ರೆ ಹೇಳುವ ಭಾವ, ಮಾತಿಗೆ ಕೂತರೆ ಕಣ್ಣು ಹೊಳೆಯುತ್ತದೆ, ಕಾಫಿ ಆರುತ್ತದೆ, ಯುದ್ಧ ಬಂದಿದ್ದೇ ಒಳ್ಳೇದಾಯ್ತು ಅನ್ನಿ ಎಂದು ರಾಮಯ್ಯ ಮೇಷ್ಟರು ತಲೆಯಾಡಿಸುತ್ತಾರೆ, ಕುಲುಮೆಯನ್ನು ಇವರಿಬ್ಬರೂ ಕಂಡಿದ್ದಾರೆಯೇ, ಅವಳೂ ಕಂಡಿಲ್ಲ, ಕಂಡವನ ಅಂಗಿ ಒಗೆದಿದ್ದಾಳೆ, ಆಗ ಭದ್ರಾವತಿಯ ಜನ್ನಾಪುರದಲ್ಲಿ ಒಂದೇ ಕೋಣೆ, ಕಬ್ಬಿಣದ ಕಾರ್ಖಾನೆಯ ಸೈರನ್ನು ಕೂಗಿ ಅರ್ಧ ಗಂಟೆಗೆ ಏಕಾಂತಪ್ಪನ ಸೈಕಲ್ಲು, ಅವಳ ಗಂಡ, ಈ ಭಾವನ ತಮ್ಮ, ಉದ್ದ ಕೈಯವನು, ಯಾವ ಅಂಗಿ ಕೊಂಡರೂ ತೋಳು ಗಿಡ್ಡ, ಮಣಿಕಟ್ಟಿನ ಮೇಲೆ ಎರಡು ಬೆರಳು ಬರಿ ಮೈ, ಅಲ್ಲಿ ಕಿಡಿ ಹಾರಿದ ಕಲೆ, ಅವಳು ಕೊಬ್ಬರಿ ಎಣ್ಣೆ ಸವರುತ್ತಿದ್ದಳು, ಕಬ್ಬಿಣಾನ ಎಲ್ಲರೂ ನೋಡ್ತಾರೆ ಮಾರಾಯ್ತಿ, ಕರಗಿಸಿ ತೆಗೆದ ಕಿಟ್ಟ ಎಲ್ಲಿ ಸುರಿದ್ರು ಅಂತ ಯಾರೂ ಕೇಳಲ್ಲ, ಎನ್ನುತ್ತಿದ್ದ. ಎರಡು ವರ್ಷದ ಹಿಂದೆ ಕಾರ್ಖಾನೆ ಬಿಟ್ಟು ಸೈನ್ಯಕ್ಕೆ ಸೇರಿದ, ಅವಳು ಭಾವನ ಮನೆಗೆ ಬಂದಳು, ರೈಲಿನ ಕಿಟಕಿಯಿಂದ ಕೈ ಬೀಸಿದಾಗಲೂ ಅದೇ ಎರಡು ಬೆರಳು, ದೀಪಾವಳಿಗೆ ಮುಂಚೆ ಬಂದ ಕಾಗದವೇ ಕೊನೆಯದು, ಇಲ್ಲಿ ಕೊಟ್ಟ ಕೋಟೂ ಗಿಡ್ಡ ಕಣೆ, ಮಣಿಕಟ್ಟಿಗೆ ಹಿಮ ಕೂರ್ತದೆ, ಆಮೇಲೆ ಗುಂಡು ನಿಂತಿತೆಂದು ರೇಡಿಯೋ ಹೇಳಿತು, ಕಾರ್ತಿಕ ಮುಗಿಯಿತು, ಕಾಗದವಿಲ್ಲ, ಮೊನ್ನೆ ಕಾಫಿ ಇಡುತ್ತಾ ಅವಳು, ಭಾವ, ಕಾಗದ ಏನಾದ್ರೂ, ಎನ್ನುವಷ್ಟರಲ್ಲಿ ಅವರು, ಅಳಬಾರದು ಕಣಮ್ಮ, ನೀನು ವೀರನ ಹೆಂಡತಿ, ದೇಶ ಕಟ್ಟೋದೇ ನಿನ್ನಂಥವರ ತ್ಯಾಗದ ಮೇಲೆ — ಅವಳು ಅತ್ತಿರಲಿಲ್ಲ, ದಿನಾ ಕಾಲೇಜಿಗೆ ಹೊರಟ ಭಾವ ಮೊದಲು ಅಂಚೆ ಆಫೀಸಿನ ಕಡೆಗೇ ತಿರುಗುವುದನ್ನು ಇದೇ ಕಿಟಕಿಯಿಂದ ನೋಡಿದ್ದಾಳೆ. ಇವತ್ತು ಮಹಿಳಾ ಸಮಾಜದಿಂದ ಅವಳು ಸೈನಿಕರಿಗೆಂದು ಹೆಣೆದ ಏಳು ಸ್ವೆಟರೂ ವಾಪಸ್ಸು, ತೋಳೆಲ್ಲ ಅಳತೆಗಿಂತ ಎರಡು ಬೆರಳು ಉದ್ದ, ಏನೇ ದಾಕ್ಷಾಯಣಿ, ಸೈನ್ಯ ಅಂದ್ರೆ ನಿನ್ನ ಗಂಡ ಒಬ್ನೇ ಏನೇ, ಸಮಾಜದ ಸುಭದ್ರಮ್ಮನವರ ಮಾತಿಗೆ ಹೆಂಗಸರೆಲ್ಲ ನಕ್ಕರು, ತಲೆ ತಗ್ಗಿಸಿ ಅವಳೂ ನಕ್ಕಳು, ಕೊಟ್ಟ ಅಳತೆಯ ಚೀಟಿ ಸೆರಗಿನಲ್ಲೇ ಇತ್ತು, ಏಳರಲ್ಲಿ ಯಾವುದೋ ಒಂದು ಹೇಗೋ ಅವನ ಕೈಗೇ ಹೋದರೆ ಎಂದು ಯಾರಿಗೆ ಹೇಳುವುದು, ಬಿಚ್ಚಿ ಸರಿ ಮಾಡು ಎಂದರು, ಆರು ಬಿಚ್ಚಿದಳು, ಇದು ಏಳನೆಯದು, ಹೊರಗೆ ಭಾವ ಹೊಸ ಜನ, ಹೊಸ ದೇಶ ಎನ್ನುತ್ತಿದ್ದಾರೆ, ದಾರ ಎಳೆದಳು, ಒಂದು ಸುತ್ತು ಬಿಚ್ಚಿತು, ಇನ್ನೊಂದು, ತೋಳು ಮೇಲೇರಿತು — ಮಣಿಕಟ್ಟು, ಎಣ್ಣೆ ಸವರಿದ ಕಲೆ, ಎರಡು ಬೆರಳು ಬರಿ ಮೈ, ಅದರ ಮೇಲೆ ಹಿಮ —