ತುಳಜಾಬಾಯಿ ತಡೆದ ಸೂಜಿ

ಹದಿನೆಂಟು ವರ್ಷದ ನರ್ಸ್ ಕೆಲಸದಲ್ಲಿ ನನ್ನ ಕೈ ಹಿಡಿದು ನಿಲ್ಲಿಸುವ ಧೈರ್ಯ ಯಾರೂ ಮಾಡಿರಲಿಲ್ಲ. ಡಾಕ್ಟರುಗಳೇ ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಾರೆ. ಸೊಲ್ಲಾಪುರದ ನಮ್ಮ ಆಸ್ಪತ್ರೆಯಲ್ಲಿ ಆ ಧೈರ್ಯ ಮಾಡಿದವರು ಚಪಳಗಾಂವದ ತುಳಜಾಬಾಯಿ. ಕುರಿ ಸಾಕುವ ಮನೆಯವರು, ಒಂದಕ್ಷರ ಓದಲು ಬಾರದವರು.

ಅವರ ಗಂಡ ಧೂಳಪ್ಪನವರಿಗೆ ಆರು ವರ್ಷದಿಂದ ಪಾರ್ಕಿನ್ಸನ್. ಕೈ ನಡುಗುತ್ತದೆ, ನಡೆಯುತ್ತ ನಡೆಯುತ್ತ ಕಾಲು ನಿಂತುಬಿಡುತ್ತದೆ. ಹಟ್ಟಿಯಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಭರ್ತಿ ಮಾಡಿಕೊಳ್ಳುವಾಗ "ಯಾವದರ ಔಷಧದ ಅಲರ್ಜಿ ಐತೇನು, ಮಾವಶಿ?" ಎಂದು ಕೇಳಿದ್ದೆ. ಅಲರ್ಜಿ ಎಂದರೆ ಮೈ ತುರಿಸುವುದು ಎಂದುಕೊಂಡ ತುಳಜಾಬಾಯಿ "ಇಲ್ಲರಿ" ಅಂದಿದ್ದರು. ನಾನೂ ಮುಂದೆ ಕೇಳದೆ ಹಾಗೇ ಬರೆದು ಕೈತೊಳೆದುಕೊಂಡಿದ್ದೆ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಧೂಳಪ್ಪನವರಿಗೆ ವಾಂತಿ ಶುರುವಾಯಿತು. ಡ್ಯೂಟಿ ಡಾಕ್ಟರು ಇಂಜೆಕ್ಷನ್ ಬರೆದರು. ನಾನು ಸಿರಿಂಜ್ ತುಂಬಿಕೊಂಡು ಹೋದರೆ ತುಳಜಾಬಾಯಿ ನನ್ನ ಮಣಿಕಟ್ಟು ಹಿಡಿದರು.

"ಯಾತರ ಸೂಜಿರಿ ಇದು?"

"ಉಲ್ಟಿ ನಿಲ್ಲಸೂದು. ಕೈ ಬಿಡ್ರಿ ಮಾವಶಿ."

ಬಿಡಲಿಲ್ಲ. ಇನ್ನೊಂದು ಕೈಯಿಂದ ಸೊಂಟದ ಸಂಚಿಯೊಳಗಿನ ಸುಣ್ಣದ ಡಬ್ಬಿ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟ ಔಷಧದ ಖಾಲಿ ಸೀಸೆ ತೋರಿಸಿದರು. "ಹೋದ ವರ್ಷ ಅಕ್ಕಲಕೋಟ್ಯಾಗ ಉಲ್ಟಿಗಿ ಇದನ್ನ ಕೊಟ್ಟಿದ್ರು. ನಮ್ಮನಿಯವರು ಕಟಗಿ ಆದಂಗ ಆದ್ರು. ಮೂರು ದಿನ ನೀರ ನುಂಗಲಿಲ್ಲ. ಇವರಿಗಿ ಇದು ಯಾವತ್ತೂ ಬ್ಯಾಡ ಅಂತ ದೊಡ್ಡ ಡಾಕ್ಟರ್ ಹೇಳ್ಯಾರ."

ನನ್ನ ಟ್ರೇಯಲ್ಲಿದ್ದ ಸೀಸೆಯನ್ನೂ ಅದನ್ನೂ ನೋಡಿದೆ. "ಇದು ಬ್ಯಾರೆ ಐತಿ. ಹೆಸರೇ ಬ್ಯಾರೆ," ಎಂದೆ. ದನಿಯಲ್ಲಿ ಸ್ವಲ್ಪ ಸೊಕ್ಕೂ ಇತ್ತು.

"ಇರಬಹುದರಿ. ಸಂತ್ಯಾಗ ನಾವು ಕುರಿ ಮೈಮ್ಯಾಲಿನ ಬಣ್ಣ ನೋಡಂಗಿಲ್ಲ. ಮಾಲಕ ಬದಲಾದ್ರ ಬಣ್ಣ ಬದಲಾಗತೈತಿ. ಕಿವಿ ಕತ್ತರಿಸಿದ ಗುರುತು ನೋಡತೀವಿ, ಅದು ಹುಟ್ಟಿದ ಹಟ್ಟಿದು. ಇದರಾಗೂ ಅಂಥಾದ್ದೇನರ ಇದ್ದರ ನೋಡ್ರಿ. ನಿಮಗ ಓದಾಕ ಬರತೈತಿ."

ಆ ಕೊನೆಯ ಮಾತು ನನಗೆ ಸರಿಯಾಗಿಯೇ ತಾಗಿತು. ಕಂಪನಿ ಇಟ್ಟ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಔಷಧದ ಅಸಲಿ ಹೆಸರಿರುತ್ತದೆ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಮೆಟೊಕ್ಲೋಪ್ರಮೈಡ್. ಪಾರ್ಕಿನ್ಸನ್ ಇದ್ದವರಿಗೆ ಇದು ಕೂಡದು ಎಂದು ನಾನೇ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ತುಂಬಿದ ಸಿರಿಂಜನ್ನು ಟ್ರೇಯಲ್ಲಿ ಇಟ್ಟುಬಿಟ್ಟೆ.

ಫೋನ್ ಮಾಡಿದಾಗ ಡಾಕ್ಟರು ಗಾಬರಿಯಾಗಿ ಬೇರೆ ಔಷಧ ಬರೆಸಿದರು. ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಎಚ್ಚರಿಕೆ ಬರೆದು ಬಂದು, "ನನ್ನಿಂದ ತಪ್ಪಾಗತಿತ್ತು, ಮಾವಶಿ," ಎಂದೆ. ಅವರು ನನ್ನ ಮಣಿಕಟ್ಟು ನೋಡುತ್ತ, "ಜೋರಾಗಿ ಹಿಡದ್ನೇನ್ರಿ? ನೋವಾತೇನ್ರಿ?" ಎಂದು ಕೇಳಿದರು. ಅಂಥ ಮನುಷ್ಯರ ಮುಂದೆ ನನ್ನ ಹದಿನೆಂಟು ವರ್ಷ ಏನೂ ಅಲ್ಲ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ವಾಂತಿ ನಿಂತಿತ್ತು. ತುಳಜಾಬಾಯಿ ಚಮಚೆಯಲ್ಲಿ ಚಹಾ ಕುಡಿಸಿ, ಗಂಡನ ಗಂಟಲನ್ನೇ ನೋಡುತ್ತ ಕೂತರು. ಧೂಳಪ್ಪನವರು ನುಂಗಿದರು. ಆಮೇಲೆ ಸಣ್ಣ ದನಿಯಲ್ಲಿ, "ಸಕ್ಕರಿ ಕಮ್ಮಿ ಆಗೇತಿ," ಎಂದರು.

ಬೆಳಿಗ್ಗೆಯಿಂದ ಕಣ್ಣು ಒದ್ದೆ ಮಾಡಿಕೊಳ್ಳದ ಹೆಂಗಸು ಆಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ವಾರ್ಡಿನಲ್ಲಿ ಓಡಬಾರದು ಎಂದು ಎಲ್ಲರನ್ನೂ ಗದರುವ ನಾನು ಸಕ್ಕರೆ ತರಲು ಓಡಿದೆ.