ಬಿಳಿಚಿಕೊಂಡೇ ಇರಲಿ

"ಥೂ! ಮುಸುರೆ ಕೈಯಲ್ಲಿ ಎದುರು ಬಂದು ನಿಲ್ಲುವುದಾ? ದೂರ ನಿಂತು ಒದರು."

ಬೋರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ತಮಿಳು ಸೀಮೆಯ ರಾಯಪುರಂನ ಈ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಅವಳ ಕೈಬೆರಳು ಬಿರಿದಿದ್ದವು. ಹಿಂದೆ ಅಕ್ಕಿ ಮೂಟೆಯ ಮೇಲೆ ಮಗ ಅಭಿಲಾಷ್ ಮುದುಡಿ ಮಲಗಿದ್ದ. ತುಟಿಯಲ್ಲಿ ಕೆಂಪೇ ಇರಲಿಲ್ಲ.

"ಬುದ್ದೀ, ಮಗೀಗೆ ಇವತ್ತೇ ರಕ್ತ ಹಾಕುಸ್ಬೇಕು. ಆಸ್ಪತ್ರೇಲಿ ಬಾಟ್ಲಿ ತಗುದು ಮಡಗವ್ರೆ. ಅರ್ಧ ದಿನ ಬುಟ್ಬುಡಿ."

"ಎಂತ ಅವಸರ ನಿಂಗೆ?" ಧಣಿ ಸುಬ್ರಾಯರು ವೀಳ್ಯದೆಲೆಗೆ ಸುಣ್ಣ ಸವರಿದರು. "ಭಾನುವಾರ ಹೋಟೆಲಿನ ವಾರ್ಷಿಕೋತ್ಸವ. ನಿನ್ನ ಮಗನ ಹೆಸರಲ್ಲೇ ರಕ್ತದಾನ ಶಿಬಿರ. ಈಗ ರಕ್ತ ಹಾಕ್ಸಿದ್ರೆ ಅವ ಸ್ಟೇಜಿನಲ್ಲಿ ಕೆಂಪಗೆ, ಗುಂಡಗೆ ಕೂತ್ಕೊಳ್ತಾನೆ. ಯಾರು ನಂಬ್ತಾರೆ ಮಾರಾಯ್ತಿ? ಅಲ್ಲಿವರೆಗೆ ಬಿಳಿಚಿಕೊಂಡೇ ಇರ್ಲಿ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು ಪಾಪ. ಮುಖ ನೋಡಿದರೆ ತಮಾಷೆಯಲ್ಲ.

"ಮಗೀಗೆ ಉಸ್ರೇ ನಿಲ್ತಿಲ್ಲ ಬುದ್ದೀ..."

"ಸೋದರಮಾವನನ್ನೇ ಕಟ್ಟಿಕೊಂಡು ಹೆತ್ರೆ ಮತ್ತೆಂತ ಹುಟ್ತದೆ? ನಿಮ್ಮ ರಕ್ತವೇ ಕೊಳೆತದ್ದು. ಹೋಗುವುದಾದ್ರೆ ಹೋಗು. ಕಬ್ಬಿಣ ಇಳಿಸುವ ಮಾತ್ರೆಯನ್ನು ಅಲ್ಲೇ ಯಾರನ್ನಾದ್ರೂ ಕೇಳ್ಕೋ."

ಆ ಮಾತ್ರೆಯೇ ಅವಳ ಕೊರಳಿನ ಹಗ್ಗ. ಅಭಿಯ ಮೈ ಹುಟ್ಟಿನಿಂದಲೇ ಸಾಕಷ್ಟು ರಕ್ತ ಮಾಡಿಕೊಳ್ಳುವುದಿಲ್ಲ; ತಿಂಗಳು ತಿಂಗಳೂ ಬೇರೆಯವರ ರಕ್ತ ಏರಿಸಿ ಏರಿಸಿ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ, ಮಾತ್ರೆ ನುಂಗಿಸಿ ಇಳಿಸದಿದ್ದರೆ ಹೃದಯವೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ತರಿಸಿಕೊಡುತ್ತಿದ್ದವರು ಸುಬ್ರಾಯರು. ಗಂಡನೆಂಬುವನೋ, ಕಾಯಿಲೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದೆ ಅಂದದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ಹೋದವನು ಈ ಕಡೆ ತಲೆ ಹಾಕಿಲ್ಲ.

ಬೋರಮ್ಮ ಮತ್ತೆ ಪಾತ್ರೆಗೆ ಕೂತಳು. 'ಇವ್ನ್ ಮನೆ ಎಕ್ಕುಟ್ಟೋಗ' ಎಂದು ಬಾಣಲೆಯ ಮಸಿಯನ್ನೇ ಉಜ್ಜಿದಳು.

ಭಾನುವಾರ ಮಹಡಿಯ ಹಾಲ್ ತುಂಬಿತ್ತು. ಒಂದು ಕಡೆ ಮಂಚಗಳು, ಇನ್ನೊಂದು ಕಡೆ ಕೇಸರಿಬಾತಿನ ಘಮ. ಅಭಿಯ ಮುಖವನ್ನು ಆಳೆತ್ತರ ಫ್ಲೆಕ್ಸ್ ಮಾಡಿ ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಧಣಿಯ ಮುಖ ಹಾಕಿದ್ದರು. ಅಡುಗೆಮನೆಯ ಹೊಸಿಲು ದಾಟಗೊಡದ ಮಗುವಿಗೆ ಇವತ್ತು ವೇದಿಕೆಯ ನಡುವೆ ಕುರ್ಚಿ. ಧಣಿಯ ಸೊಸೆ ಪ್ರಣಮ್ಯಾ ಪೌಡರ್ ಡಬ್ಬಿ ಹಿಡಿದು ಬಂದವಳು ಅವನ ಕೆನ್ನೆಗೆ, ತುಟಿಗೆ ಮೆತ್ತತೊಡಗಿದಳು.

"ಏನಕ್ಕವ್ವಾ ಇದು?" ಕುರ್ಚಿಯ ಪಕ್ಕ ನಿಂತಿದ್ದ ಬೋರಮ್ಮ ಕೇಳಿದಳು.

"ಕ್ಯಾಮೆರಾಗೆ ಇನ್ನೂ ಸ್ವಲ್ಪ ಡಲ್ ಕಾಣ್ಬೇಕಂತೆ, ಮಾವ ಹೇಳಿದ್ರು. ಅಲುಗಾಡ್ಬೇಡ ಪುಟ್ಟಾ."

"ಅಮ್ಮಾ, ತಲೈ ಸುತ್ತುದು," ಎಂದ ಅಭಿ. ಕಲಿತದ್ದು ತಮಿಳು ಶಾಲೆಯಲ್ಲಿ. ನೋವೂ ತಮಿಳಿನಲ್ಲೇ ಬರುತ್ತಿತ್ತು. ಕತ್ತು ಒಂದು ಪಕ್ಕಕ್ಕೆ ವಾಲಿತು. ಫೋಟೋದವನು ಓಡಿಬಂದು, "ಸಾರ್, ಸೂಪರ್!" ಎಂದು ಕ್ಲಿಕ್ಕಿಸಿದ.

ಬೋರಮ್ಮ ವಾಲಿದ ಕತ್ತಿಗೆ ಕೈ ಕೊಟ್ಟು ನೆಟ್ಟಗೆ ಕೂರಿಸಿದಳು.

ಸುಬ್ರಾಯರು ಮೈಕ್ ಅನ್ನು ಅವಳ ಬಾಯಿಗೆ ಹಿಡಿದು ಪಿಸುಗುಟ್ಟಿದರು: "ಧಣಿಗಳು ದೇವರು ಅಂತ ಹೇಳಿ ಕೈ ಮುಗಿ. ಅಷ್ಟು ಸಾಕು."

ಅವಳು ಮೈಕ್ ಕಿತ್ತುಕೊಂಡಳು.

"ಈ ಮಗೀಗೆ ಅವತ್ತೇ ರಕ್ತ ಹಾಕುಸ್ಬೇಕಾಗಿತ್ತು ಕನ್ರಪ್ಪಾ. ಬಾಟ್ಲಿ ಮಡಗಿದ್ರು. ಬುಡ್ನಿಲ್ಲ ಈ ಮುಂಡೇಮಗ! ನೀವು ನೋಡೋಕೆ ಬತ್ತೀರಲ್ಲ, ಅದುಕ್ಕೆ ಬಿಳಿಚ್ಕೊಂಡಿರ್ಲಿ ಅಂದ. ಸಾಲ್ದು ಅಂತ ಸುಣ್ಣ ಬಳಿಯಂಗೆ ಪೌಡ್ರೂ ಬಳುಸವ್ನೆ!"

"ಹೇ, ಮೈಕ್ ಆಫ್ ಮಾಡ್ರೋ!"

ಅವಳು ಬೆಳಗಿನಿಂದ ಪಾತ್ರೆ ತಿಕ್ಕಿ ನೆನೆದ ಸೆರಗಿನಿಂದ ಮಗನ ಮುಖ ಉಜ್ಜಿದಳು. ಪೌಡರ್ ಹೋಯಿತು, ಕೆಳಗಿನ ಬಿಳುಪು ಹೋಗಲಿಲ್ಲ. ಆಮೇಲೆ ತಿರುಗಿದವಳು ಅದೇ ಮುಸುರೆ ಸೆರಗನ್ನು ಸುಬ್ರಾಯರ ಮುಖದ ತುಂಬ, ಕಣ್ಣು, ಮೂಗು, ಕೆಂಪು ಬಾಯಿಗೆಲ್ಲ ಒರೆಸಿಬಿಟ್ಟಳು.

"ಈಗ್ ತಗೀರ್ಲಾ ಪೋಟ!"

ಮಗನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ನಾಳೆಯಿಂದ ಮಾತ್ರೆ ಇಲ್ಲ ಎಂಬುದು ಇಳಿಯುವಾಗಲೇ ಎದೆಗೆ ಒದ್ದಿತು. ಮೇಲೆ ಗದ್ದಲವೋ ಗದ್ದಲ. "ಮುಟ್ಟಿಬಿಟ್ಳು! ಸ್ನಾನಕ್ಕೆ ನೀರು ಇಡ್ರೋ!" ಎಂದು ಸುಬ್ರಾಯರು ಅರಚುತ್ತಿದ್ದರು.

ಆಟೋ ನಿಲ್ಲಿಸಿದಳು. "ಆಸ್ಪತ್ರಿ. ಸೀಕ್ರಂ ಪೋಪ್ಪಾ," ಎಂದು ಅವಸರಪಡಿಸಿದಳು.

ಅಭಿಯ ಕಿವಿಯ ಸಂದಿಯಲ್ಲಿ ಪೌಡರ್ ಇನ್ನೂ ಉಳಿದಿತ್ತು. ಬೆರಳಿಗೆ ಎಂಜಲು ಹಚ್ಚಿಕೊಂಡು ಒರೆಸಿದಳು. ಕಿವಿ ತಣ್ಣಗಿತ್ತು.