ಸಂಧಾನಕ್ಕೆ ಹೋಗಿ ಉಂಡು ಬಂದ ಪಾದ್ರಿ

ಯೆನ್ಸೆನ್ ಪಾದ್ರಿ ಕನ್ನಡ ಕಲಿತದ್ದೇ ದಂಡವಾಯಿತು. ಡೆನ್ಮಾರ್ಕಿನಲ್ಲಿ ಕೂತು ನಕ್ಷೆ ನೋಡಿದ ಆತನ ಮಿಷನ್ ಸಂಘದ ಹಿರಿಯರಿಗೆ ವಯನಾಡು ಮೈಸೂರಿಗೆ ಹತ್ತಿರ ಕಂಡಿತಂತೆ. ಹತ್ತಿರವೇ, ಸುಳ್ಳಲ್ಲ. ಅಷ್ಟಕ್ಕೇ ಆ ಬಡಪಾಯಿಯನ್ನು ಮೈಸೂರಿನಲ್ಲಿ ಕೂರಿಸಿ, ವರ್ಷಗಟ್ಟಲೆ ಕನ್ನಡ ತಿದ್ದಿಸಿ, ಶಾಂತಿಯನ್ನೂ ಭರವಸೆಯನ್ನೂ ಹಂಚಿ ಬಾ ಎಂದು ವಯನಾಡಿನ ಪೆರಿಕಲ್ಲೂರಿಗೆ ಅಟ್ಟಿದರು. ಬಂದು ನೋಡಿದರೆ ಊರಿಗೆ ಊರೇ ಮಲಯಾಳ. ಜಿಲ್ಲೆಯೂ ಆಗಷ್ಟೇ ಹುಟ್ಟಿದ್ದು, ಯಾವ ಕಚೇರಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲ; ದಾರಿ ಕೇಳಿದರೂ ಹೇಳುವವರಿಲ್ಲ. ಇನ್ನು ಅಲ್ಲಿನ ಕ್ರೈಸ್ತರೋ, ನಿಮ್ಮ ಅಜ್ಜಂದಿರು ಮರ ಕಲ್ಲು ಪೂಜಿಸುತ್ತಿದ್ದಾಗಲೇ ನಮ್ಮವರು ಪಳ್ಳಿಗೆ, ಅಂದರೆ ಇಗರ್ಜಿಗೆ, ಹೋಗುತ್ತಿದ್ದರು ಎಂದು ಹೇಳಿ, ಚಹಾ ಕೊಟ್ಟು ಸಾಗಹಾಕಿದರು.

ಹೀಗೆ ಯಾರಿಗೂ ಬೇಡವಾದ ಪಾದ್ರಿ ಬಂದು ಬಿದ್ದದ್ದು ಗುರುಬಸಮ್ಮನ ಜಗುಲಿಗೆ. ಹೊಳೆದಂಡೆಯಲ್ಲಿ ಅವಳದು ಕನ್ನಡದ ಮನೆ. ಗಂಡ ತೀರಿಕೊಂಡ ಮೇಲೆ ಮೆಣಸು, ಕಾಫಿ, ಮಗಳು ಮಲ್ಲಿಗಮ್ಮ ಮೂರನ್ನೂ ಒಬ್ಬಳೇ ಸಾಕಿದವಳು. ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಪಾದ್ರಿ ಮೊದಲ ದಿನ ಕೈಮುಗಿದು, "ತಾಯಿಯವರೇ, ತಾವು ಕುಶಲದಿಂದಿರುವಿರಾ?" ಎಂದು ನಾಟಕದ ರಾಜನ ಹಾಗೆ ಕೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಕೂರಿಸಿ ರೊಟ್ಟಿ ಹಾಕಿದಳು. ಆತ ಸಾಕು ಎಂದು ಕೈ ಅಡ್ಡ ಹಿಡಿದದ್ದಕ್ಕೆ ಚೆನ್ನಾಗಿ ಉಗಿದಳು. ನಮ್ಮಲ್ಲಿ ಬಡಿಸಿದ್ದನ್ನು ಬೇಡವೆಂದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ ಎಂದು ಪಾಠ ಹೇಳಿದಳು. ಪಾದ್ರಿ ಅದನ್ನು ದೇವರ ವಾಕ್ಯದಷ್ಟೇ ಭಕ್ತಿಯಿಂದ ಮನಸ್ಸಿಗೆ ತೆಗೆದುಕೊಂಡ.

ಆ ಬೇಸಿಗೆಯಲ್ಲಿ ಮಲ್ಲಿಗಮ್ಮನ ಮದುವೆ ಗೊತ್ತಾಯಿತು. ಅಪ್ಪನಿಲ್ಲದ ಹುಡುಗಿ, ಕೈ ಹಿಡಿದು ಧಾರೆಗೆ ಕರೆತರಲು ಸೋದರಮಾವನೇ ದಿಕ್ಕು. ಸೋದರಮಾವ ಶಿವನಂಜಪ್ಪ ಇದ್ದದ್ದು ಹೊಳೆಯ ಆಚೆ ದಡದಲ್ಲಿ, ಬೈರಕುಪ್ಪೆಯಲ್ಲಿ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಅಣ್ಣತಂಗಿ ಮಾತು ಬಿಟ್ಟು ಏಳು ವರ್ಷ. ಗುರುಬಸಮ್ಮ ಹೊಸ ಮನೆ ಕಟ್ಟಿಸಿ ಒಕ್ಕಲಾದ ದಿನ ಗಡಿಬಿಡಿಯಲ್ಲಿ ಮೊದಲ ವೀಳ್ಯ ಮೆಣಸಿನ ವ್ಯಾಪಾರಿ ಮಾಧವನ್ ಕೈಗೆ ಹೋಗಿ, ಒಡಹುಟ್ಟಿದ ಅಣ್ಣನಿಗೆ ಎರಡನೆಯದು ಬಂತು. ಅವಳ ತೋಟಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಟ್ಟವನೇ ಆ ಅಣ್ಣ. ವೀಳ್ಯವನ್ನು ಜಗುಲಿಯ ಮೇಲಿಟ್ಟು ದೋಣಿ ಹತ್ತಿದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಇವಳೂ ಹೋಗಲಿಲ್ಲ. ಹಠದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು, ಇನ್ನೇನು ಹೇಳುವುದು.

ಅಣ್ಣ ಬಾರದಿದ್ದರೆ ಮಗಳನ್ನು ಯಾವ ಮುಖ ಇಟ್ಟುಕೊಂಡು ಧಾರೆಗೆ ಕೂರಿಸುವುದು ಎಂದು ಗುರುಬಸಮ್ಮ ಒಳಗೊಳಗೇ ಬೆಂದಳು. ಆಗ ಜಗುಲಿಯಲ್ಲಿ ಕಜ್ಜಾಯ ತಿನ್ನುತ್ತಾ ಕೂತಿದ್ದ ಪಾದ್ರಿ ಕಣ್ಣಿಗೆ ಬಿದ್ದ. ದೇಶ ಬಿಟ್ಟು ದೇಶಕ್ಕೆ ಶಾಂತಿ ಹಂಚಲು ಬಂದವರಲ್ಲವೆ, ಒಂದು ಹೊಳೆ ದಾಟಿ ಹಂಚಿ ಬನ್ನಿ ನೋಡೋಣ ಎಂದಳು. ಪಾದ್ರಿಯ ಕಣ್ಣು ತುಂಬಿ ಬಂತು. ಈ ಊರಿನಲ್ಲಿ ಆತನನ್ನು ಕೆಲಸಕ್ಕೆ ಕರೆದವರು ಅವಳೊಬ್ಬಳೇ.

ಒಂದೇ ಒಂದು ಮಾತು ಹೇಳುವುದನ್ನು ಅವಳು ಮರೆತಳು. ಮರೆತಳೆಂದೂ ಅಲ್ಲ; ಅದನ್ನು ಯಾರಾದರೂ ಬಾಯಿ ಬಿಟ್ಟು ಹೇಳುತ್ತಾರೆಯೇ? ಸಂಧಾನಕ್ಕೆ ಹೋದವನು ಮಾತು ಮುಗಿಯುವ ತನಕ ಆ ಮನೆಯ ನೀರು ಮುಟ್ಟಬಾರದು. 'ನೀವು ಒಪ್ಪಿದರೆ ಊಟ' ಎಂದು ಕೂರಬೇಕು. ನಮ್ಮವರಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ. ಡೆನ್ಮಾರ್ಕಿನ ಕೂಸಿಗೆ ಗೊತ್ತಿರಲಿಲ್ಲ.

ಸಂಜೆ ಅಂಬಿಗ ಶ್ರೀಧರನ್ ದೋಣಿಯಿಂದ ಪಾದ್ರಿಯನ್ನು ಕೈಹಿಡಿದು ಇಳಿಸಿದ. ಪಾದ್ರಿಯ ಮುಖ ಕೆಂಪಗಿತ್ತು, ಅಂಗಿಯ ಮೇಲೆ ಹಲಸಿನ ಹಣ್ಣಿನ ಕಡುಬಿನ ಗುರುತು.

"ಉಂಡ್ಬುಟ್ರಾ?" ಎಂದಳು ಗುರುಬಸಮ್ಮ.

ಉಂಡೆ ತಾಯಿಯವರೇ, ತಾವು ಕಲಿಸಿದಂತೆಯೇ ಒಂದನ್ನೂ ಬೇಡವೆನ್ನಲಿಲ್ಲ ಎಂದು ಪಾದ್ರಿ ಹೆಮ್ಮೆಯಿಂದ ಹೇಳಿದ. ಅವಳು ತಲೆ ಚಚ್ಚಿಕೊಂಡಳು. ಶಿವನಂಜಪ್ಪ ಬೇಕೆಂದೇ ಬಡಿಸಿದ್ದ, ಕಳ್ಳ. ಉಂಡ ಮನೆಗೆ ಎರಡು ಬಗೆಯಬಾರದು, ಇನ್ನು ನೀವು ನಮ್ಮ ಕಡೆಯವರು, ಅವಳೇ ಬಂದು ಕರೆಯಲಿ ಎಂದು ಹೇಳಿ ಎಂದು ತಿರುಗಿಸಿ ಕಳಿಸಿದ್ದ. ಅವಳು ಬಿಟ್ಟಾಳೆಯೇ? ಅವನು ಕಡುಬಿಗೆ ಕೊಂಡರೆ ನಾನು ಒಬ್ಬಟ್ಟಿಗೆ ಕೊಳ್ಳುತ್ತೇನೆ ಎಂದು ಮರುದಿನ ಬೆಳಗ್ಗೆಯೇ ತುಪ್ಪ ಸುರಿದು ಉಣಿಸಿ, ಪಾದ್ರಿಯನ್ನು ಮತ್ತೆ ತನ್ನ ಕಡೆಗೆ ಮಾಡಿಕೊಂಡು ದೋಣಿ ಹತ್ತಿಸಿದಳು. ಅಲ್ಲಿ ಅವನು ಅವರೆಕಾಳು ಹುಳಿಗೆ ಮುದ್ದೆ ಇಟ್ಟ. ಇಲ್ಲಿ ಇವಳು ಪಾಯಸ ಮಾಡಿದಳು. ಅಲ್ಲಿ ಚಿತ್ರಾನ್ನ, ಇಲ್ಲಿ ಶಾವಿಗೆ. ಪಾದ್ರಿ ದಿನಕ್ಕೊಮ್ಮೆ ಪಕ್ಷ ಬದಲಿಸಿದ. ದೋಣಿ ಒಂದು ಕಡೆಗೆ ವಾಲುತ್ತಿದೆ, ಚೇಚಿ ಇನ್ನು ಕಡಿಮೆ ಬಡಿಸಬೇಕು ಎಂದು ಶ್ರೀಧರನ್ ದೂರು ತಂದ; ಗುರುಬಸಮ್ಮ ಅವನ ಮಲಯಾಳದಲ್ಲಿ ಚೇಚಿ, ಅಕ್ಕ. ಮದುವೆ ಮಾತ್ರ ಹತ್ತಿರ ಹತ್ತಿರ ಬಂತು, ಅಣ್ಣ ಬರಲಿಲ್ಲ.

ಒಂದು ಮಧ್ಯಾಹ್ನ ಶ್ರೀಧರನ್ ಒಬ್ಬನೇ ಓಡಿ ಬಂದ. ಪಾದ್ರಿ ಬೈರಕುಪ್ಪೆಯಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಾರೆ, ತಮ್ಮ ದೇಶದ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದಾರೆ ಎಂದ. ಗುರುಬಸಮ್ಮ ಓಮದ ಡಬ್ಬಿ ಸೆರಗಿಗೆ ಕಟ್ಟಿಕೊಂಡು, ಹಠವನ್ನು ಎಲ್ಲಿಟ್ಟಳೋ ಏನೋ, ದೋಣಿ ಹತ್ತಿದಳು. ಪರದೇಶದ ಹೆತ್ತವಳ ಮಗನನ್ನು ನಾನೇ ಉಣಿಸಿ ಕೊಂದೆ ಎಂದು ದಾರಿಯುದ್ದಕ್ಕೂ ಅತ್ತಳು.

ಅಣ್ಣನ ನಡುಮನೆಯಲ್ಲಿ ಪಾದ್ರಿ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಪಕ್ಕದಲ್ಲಿ ಶಿವನಂಜಪ್ಪ ಬೀಸಣಿಗೆ ಹಿಡಿದು ಕೂತಿದ್ದ. ನೀನು ಏನು ಹಾಕಿದೆ ಎಂದು ಇವಳು, ಬೆಳಗ್ಗೆ ನೀನು ಏನು ಹಾಕಿ ಕಳಿಸಿದ್ದೆ ಎಂದು ಅವನು. ಏಳು ವರ್ಷದ ಮೇಲೆ ಆಡಿದ ಮೊದಲ ಮಾತೇ ಜಗಳ. ಕಷಾಯಕ್ಕೆ ಓಮವೋ ಶುಂಠಿಯೋ ಎಂದು ಇನ್ನೊಂದು ಜಗಳ. ಅವ್ವ ಎರಡನ್ನೂ ಹಾಕುತ್ತಿದ್ದಳು ಎಂದು ಅವನು ಅಂದದ್ದೇ ಅವಳು ಸೆರಗಿನ ಗಂಟು ಬಿಚ್ಚಿ ಓಮದ ಡಬ್ಬಿ ತೆಗೆದಳು. ಒಲೆಯ ಮುಂದೆ ಕೂತು ಅವಳು ಕುದಿಸಿದಳು, ಅವನು ಜಜ್ಜಿಕೊಟ್ಟ.

"ಅಣ್ಣ, ನೀನ್ ಬರ್ದೆ ಇದ್ರೆ ನಾನು ಆ ಮದ್ವೇಲಿ ಯಾರ್ ಕೈಲಿ ಬೈಸ್ಕಳ್ಳಿ?" ಎಂದಳು ಒಲೆಯನ್ನೇ ನೋಡುತ್ತಾ.

ಶಿವನಂಜಪ್ಪ ಒಳಗೆ ಹೋಗಿ ಟ್ರಂಕು ತೆಗೆದ. ಹಳದಿ ಸೀರೆಯೊಂದನ್ನು ತಂದು ಅವಳ ಮಡಿಲಿಗೆ ಹಾಕಿದ. ಸೋದರಮಾವ ಕೊಡುವ ಧಾರೆ ಸೀರೆ. ಮದುವೆ ಗೊತ್ತಾದ ಸುದ್ದಿ ಕಿವಿಗೆ ಬಿದ್ದ ವಾರವೇ ಮೈಸೂರಿಗೆ ಹೋಗಿ ತಂದಿಟ್ಟಿದ್ದನಂತೆ, ಕರೆಯುವವರಿಲ್ಲದೆ ಕಾಯುತ್ತಿದ್ದನಂತೆ.

ಗುರುಬಸಮ್ಮ ಸೀರೆಯನ್ನು ಬಿಡಿಸಿ ನೋಡಿದಳು, ಮುಖಕ್ಕೆ ಒತ್ತಿಕೊಂಡಳು, ಜೋರಾಗಿ ಅಳತೊಡಗಿದಳು. ಅವಳು ಅಳುವುದನ್ನು ಕಂಡು ಅಣ್ಣನೂ ಅತ್ತ.

ಚಾಪೆಯ ಮೇಲಿದ್ದ ಪಾದ್ರಿ ಕಷ್ಟಪಟ್ಟು ತಲೆ ಎತ್ತಿ, ಇಬ್ಬರೂ ಅಳುತ್ತಿರುವುದನ್ನು ಕಂಡು ಕೈಮುಗಿದ. ತನ್ನಿಂದ ಶಾಂತಿ ತರಲಾಗಲಿಲ್ಲ, ಈ ಅಯೋಗ್ಯನನ್ನು ಕ್ಷಮಿಸಬೇಕು ಎಂದು ಬಿಕ್ಕಿದ. ಗುರುಬಸಮ್ಮ ಕಣ್ಣೊರೆಸಿಕೊಂಡು, ಲೋಟ ಹಿಡಿದು ಬಂದು, ಆತನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಸುಮ್ಕೆ ಕುಡೀ ಮಗ," ಎಂದಳು. "ಈ ಬಣ್ಣ ನಮ್ ಮಲ್ಲಿಗಮ್ಮಂಗೆ ಒಂಚೂರೂ ಒಪ್ಪಕ್ಕಿಲ್ಲ. ಅದ್ನೇ ಉಡುಸ್ತೀನಿ."